ತಾಲೀಮಿಲ್ಲದೆ ಮೂರು ವರ್ಷ ಬರೆದೆವು

ಇವರಿಗೆ:
ನಮ್ಮ ಪದವಿ ಕಾಲೇಜುಗಳ ಪ್ರಾಚಾರ್ಯರಿಗೆ, ಕನ್ನಡ ಅಧ್ಯಯನ ಮಂಡಳಿಯ ಸದಸ್ಯರಿಗೆ, ಪದವಿ ಶಿಕ್ಷಣದ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ

ವಿಷಯ: ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಪದವಿ ವಿದ್ಯಾರ್ಥಿಗಳ ಬರಹವನ್ನು ಓದಿ, ತಿದ್ದಿ, ಮರಳಿ ಕೊಡುವ ಏರ್ಪಾಡು ಇಲ್ಲದಿರುವ ಕುರಿತು

ಮಾನ್ಯರೇ,

ಆರನೆಯ ಸೆಮಿಸ್ಟರಿನ ಕೊನೆಯ ಪರೀಕ್ಷೆ ಬರೆದು ಬಂದ ಮರುದಿನ ಅಟ್ಟದ ಮೇಲಿದ್ದ ಚೀಲ ಇಳಿಸಿ, ಮೂರು ವರ್ಷದಲ್ಲಿ ನಾನು ಬರೆದದ್ದು ಏನೇನು ಉಳಿದಿದೆ ಎಂದು ನೋಡಲು ಕುಳಿತೆ. ಪರೀಕ್ಷೆ, ಕಿರುಪರೀಕ್ಷೆ, ಅಸೈನ್‌ಮೆಂಟು, ಸೆಮಿನಾರು ಎಲ್ಲ ಲೆಕ್ಕ ಹಿಡಿದರೆ ಸಾವಿರ ಪುಟಕ್ಕೆ ಕಡಿಮೆ ಬರೆದಿರಲಾರೆ. ಚೀಲದಲ್ಲಿ ಸಿಕ್ಕಿದ್ದು ಝೆರಾಕ್ಸ್ ಮಾಡಿಸಿದ ಗೈಡಿನ ಹಾಳೆಗಳು, ಹಾಲ್ ಟಿಕೆಟುಗಳು, ಪೆನ್ಸಿಲಿನಲ್ಲಿ ತಿದ್ದಿದ ನಾಲ್ಕು ಹಾಳೆ. ಉಳಿದ ಬರಹ ನನ್ನ ಕೈ ಬಿಟ್ಟ ಮೇಲೆ ಮರಳಿ ಬರಲಿಲ್ಲ. ಅದರಲ್ಲಿ ಯಾವುದು ಸರಿ ಇತ್ತು, ಎಲ್ಲಿ ಎಡವಿದ್ದೆ ಎಂದು ಯಾರೂ ಹೇಳಲಿಲ್ಲ. ಮೊಬೈಲಿನ ಪರದೆಯ ಮೇಲೆ ಅಂಕ ಬಂದವು, ಅಷ್ಟೇ.

ನನ್ನ ಕುಂದುಕೊರತೆ ಇದೇ. ಕಾಲೇಜಿನ ಗೋಡೆ ಬಿರುಕು ಬಿಟ್ಟಿದೆ, ನೀರಿನ ನಲ್ಲಿ ಕೆಟ್ಟಿದೆ ಎಂದು ಬರೆಯಬಹುದಿತ್ತು. ಅವನ್ನು ಬೇರೆಯವರು ಬರೆದಾರು. ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ದೂರನ್ನು ಕಾಗದದಲ್ಲಿ ಇಟ್ಟವರು ನನಗೆ ಕಂಡಿಲ್ಲ. ಅದಕ್ಕೆ ಇದನ್ನೇ ಬರೆಯುತ್ತಿದ್ದೇನೆ.

ನಾನು ಮೂಡಲಗಿ ತಾಲ್ಲೂಕಿನವಳು. ನಮ್ಮ ಹಳ್ಳಿ ಘಟಪ್ರಭೆಯ ದಂಡೆಯ ಮೇಲಿದೆ. ಅಪ್ಪನಿಗೆ ಎರಡು ಎಕರೆ ಕಬ್ಬು, ಅವ್ವನಿಗೆ ಎರಡು ಎಮ್ಮೆ. ಎಸ್ಸೆಸ್ಸೆಲ್ಸಿ ಬರೆದದ್ದು 2021ರ ಜುಲೈ ತಿಂಗಳಲ್ಲಿ. ಕೊರೋನಾ ಕಾರಣಕ್ಕೆ ಆ ವರ್ಷ ಪರೀಕ್ಷೆಯನ್ನು 19 ಮತ್ತು 22, ಎರಡೇ ದಿನಕ್ಕೆ ಇಳಿಸಿದ್ದರು. ಮೂರು ಭಾಷೆಗೂ ಸೇರಿ ಒಂದೇ ದಿನ, ಎಲ್ಲವೂ ಆಯ್ಕೆಯ ಪ್ರಶ್ನೆಗಳು. ಕನ್ನಡ ಪರೀಕ್ಷೆಯಲ್ಲಿ ನಾನು ಕನ್ನಡದ ಒಂದು ವಾಕ್ಯವನ್ನೂ ಬರೆಯಲಿಲ್ಲ. ಓಎಂಆರ್ ಹಾಳೆಯ ಮೇಲೆ ಗುಂಡು ತುಂಬಿ ಬಂದೆ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ ಎಂದು ನನಗೂ ಗೊತ್ತು. ಆದರೆ ಆ ವರ್ಷ ತಪ್ಪಿಹೋದ ಬರವಣಿಗೆಯನ್ನು ಮುಂದೆ ಯಾರಾದರೂ ತುಂಬಿಕೊಡಬೇಕಿತ್ತಲ್ಲವೆ? ಪಿಯುಸಿಯಲ್ಲಿ ಪ್ರಶ್ನೋತ್ತರ ಬಾಯಿಪಾಠವಾಯಿತು. 2023ರಲ್ಲಿ ಬಿ.ಎ.ಗೆ ಸೇರಿದೆ. ಅದೇ ವರ್ಷದ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದಿತ್ತು, ಹೀಗಾಗಿ ಮನೆಯಲ್ಲಿ ಬಸ್ಸಿನ ದುಡ್ಡಿನ ಮಾತೇ ಏಳಲಿಲ್ಲ. ನನ್ನ ಜೊತೆ ಹತ್ತುತ್ತಿದ್ದ ಹುಡುಗಿಯರಲ್ಲಿ ಎಷ್ಟೋ ಮಂದಿ ಆ ಬಸ್ಸಿನಿಂದಲೇ ಪದವಿ ಕಂಡವರು. ಕಾಲೇಜಿನ ಬಾಗಿಲವರೆಗೆ ನಮ್ಮನ್ನು ತಲುಪಿಸಿದ್ದಕ್ಕೆ ಸರ್ಕಾರಕ್ಕೆ ನಾನು ಋಣಿ. ಬಾಗಿಲ ಒಳಗೆ ನಡೆದದ್ದನ್ನು ಈಗ ಹೇಳುತ್ತೇನೆ.

ಮೊದಲ ಸೆಮಿಸ್ಟರ್ ಅರ್ಧದಲ್ಲಿದ್ದಾಗ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ರಾಜ್ಯದಾದ್ಯಂತ ತರಗತಿ ಬಿಟ್ಟು ಕೂತರು. 2023ರ ನವೆಂಬರಿನಲ್ಲಿ ಶುರುವಾದ ಆ ಹೋರಾಟ ಹೊಸ ವರ್ಷದವರೆಗೆ ಎಳೆಯಿತು. ಅವರು ಮರಳಿ ಬಂದ ಮೇಲೆ ನಮಗೆ ಕನ್ನಡಕ್ಕೆ ಬಂದ ಸರ್ ಒಂದು ದಿನ ಪಠ್ಯ ಮುಚ್ಚಿಟ್ಟು, "2019ರ ಪ್ರವಾಹದ ಬಗ್ಗೆ ಒಂದು ಪುಟ ಬರೆಯಿರಿ" ಎಂದರು. ತರಗತಿಯ ಬಹಳ ಮಂದಿ ಆ ನೀರನ್ನು ಕಂಡವರೇ. ಆ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳೆಲ್ಲ ಮುಳುಗಿದ್ದವು. ಲೋಳಸೂರ ಸೇತುವೆ ನೀರಿನ ಕೆಳಗೆ ಹೋಗಿತ್ತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಮಲ್ಲಿಕಾರ್ಜುನ ಗುಡ್ಡದ ಬಂಡೆಗಳು ಊರ ಮೇಲೆ ಉರುಳುತ್ತವೆ ಎಂಬ ಭಯ ಬೇರೆ. ನಾನು ಆಗ ಒಂಬತ್ತನೆಯ ತರಗತಿ. ನಮ್ಮ ಮನೆಗೆ ರಾತ್ರಿ ನೀರು ಬಂದಿತ್ತು. ಇಷ್ಟನ್ನು ಕಣ್ಣಾರೆ ಕಂಡ ನಾನು ಅಂದು ಬರೆದ ಮೊದಲ ಸಾಲು ಇದು: "ಪ್ರವಾಹವು ಮಾನವನ ಮೇಲೆ ಪ್ರಕೃತಿಯು ಎಸಗುವ ಒಂದು ಭೀಕರ ವಿಕೋಪವಾಗಿದೆ."

ಪ್ರಬಂಧ ಹೀಗೆಯೇ ಶುರುವಾಗಬೇಕು ಎಂದು ನನಗೆ ಗೊತ್ತಿತ್ತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಸರ್ ಆ ಹಾಳೆಯನ್ನು ಮರುದಿನವೇ ತಂದುಕೊಟ್ಟರು. ಸಾಲು ಹೊಡೆದುಹಾಕಿರಲಿಲ್ಲ, ಅಂಕವೂ ಇರಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಇತ್ತು: "ನಿಮ್ಮ ಮನೆಗೆ ನೀರು ಬಂದಾಗ ಮೊದಲು ಏನನ್ನು ಎತ್ತಿದಿರಿ?"

ನಾನು ಆ ಪ್ರಶ್ನೆಯನ್ನು ಹೊತ್ತುಕೊಂಡು ಮನೆಗೆ ಬಂದೆ. ಅವ್ವ ಮೊದಲು ಎತ್ತಿದ್ದು ಕೊಟ್ಟಿಗೆಯ ಗಳಕ್ಕೆ ತೂಗುಹಾಕಿದ್ದ ಕೈಚೀಲ. ಅದರಲ್ಲಿ ಹೊಲದ ಉತಾರ, ರೇಷನ್ ಕಾರ್ಡು, ಆಧಾರ್ ಇದ್ದವು. ಅಪ್ಪ ಎಮ್ಮೆಗಳ ಕಣ್ಣಿ ಬಿಚ್ಚಿದ. ಆಯಿ, ನನ್ನ ಅಜ್ಜಿ, ಬಿತ್ತನೆಗೆ ತೆಗೆದಿಟ್ಟ ಜೋಳದ ಗಂಟು ತಬ್ಬಿಕೊಂಡಿದ್ದಳು. ನಾನು ಏನನ್ನೂ ಎತ್ತಲಿಲ್ಲ. ಅಪ್ಪನ ಮೊಬೈಲಿನ ಬೆಳಕು ಹಿಡಿದು ನಿಂತಿದ್ದೆ. ಇಷ್ಟನ್ನೂ ಬರೆದು ಎರಡನೆಯ ಸಲ ಕೊಟ್ಟೆ. ಸರ್ ಓದಿ ಈ ಸಲ ಎರಡು ಕಡೆ ಗೆರೆ ಎಳೆದಿದ್ದರು. ಒಂದು ಕಡೆ, "ಇಲ್ಲಿ ಹನ್ನೊಂದು ಸಾಮಾನಿನ ಹೆಸರಿದೆ, ಓದುವವನಿಗೆ ನೆನಪಿರುವುದು ಎಷ್ಟು?" ಇನ್ನೊಂದು ಕಡೆ, "ಬೆಳಕು ಹಿಡಿದವಳು ಎಲ್ಲಿ ಹೋದಳು?" ಮೂರನೆಯ ಸಲ ಬರೆದಾಗ ಸಾಮಾನಿನ ಪಟ್ಟಿ ಹೋಯಿತು. ಉತಾರ, ಕಣ್ಣಿ, ಜೋಳ ಉಳಿದವು. ಯಾರು ಯಾವುದನ್ನು ಎತ್ತಿದರು ಎಂಬುದು ಕಂಡದ್ದೇ ನಾನು ಹಿಡಿದ ಬೆಳಕಿನಲ್ಲಿ ಎಂದು ಆಗ ಹೊಳೆಯಿತು; ಬರಹ ಅಲ್ಲಿಂದಲೇ ಶುರುವಾಯಿತು. ಒಂದು ಪುಟವನ್ನು ಮೂರು ಸಲ ಬರೆಯಲು ನನಗೆ ಹತ್ತು ದಿನ ಹಿಡಿಯಿತು. ಆ ಹತ್ತು ದಿನದಲ್ಲಿ ಕಲಿತದ್ದನ್ನು ಉಳಿದ ಎರಡೂವರೆ ವರ್ಷ ಕಲಿಯಲಿಲ್ಲ.

ಮುಂದಿನ ವರ್ಷ ಆ ಸರ್ ನಮ್ಮ ಕಾಲೇಜಿಗೆ ಬರಲಿಲ್ಲ. ಕಾರ್ಯಭಾರ ಹೊಂದಲಿಲ್ಲ ಎಂದು ಯಾರೋ ಹೇಳಿದರು. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ ನಿಲ್ಲಬೇಕಾದ ಉಪನ್ಯಾಸಕರು ಒಬ್ಬ ವಿದ್ಯಾರ್ಥಿಯ ಬೆಳವಣಿಗೆಯನ್ನು ಮೂರು ವರ್ಷ ಹಿಂಬಾಲಿಸುವುದು ಹೇಗೆ? ಮೊದಲ ವರ್ಷ ನನ್ನ ದೋಷ ಕಂಡವರು ಮೂರನೆಯ ವರ್ಷ ಅದು ಹೋಯಿತೋ ಇಲ್ಲವೋ ನೋಡಲು ಅಲ್ಲಿ ಇರಬೇಕು. ಅವರ ಸೇವಾ ಭದ್ರತೆಯ ಬೇಡಿಕೆ ನಮ್ಮ ಬರವಣಿಗೆಯ ಬೇಡಿಕೆಯೂ ಹೌದು.

ಪ್ರವಾಹದ ಆ ಪುಟ ನನ್ನನ್ನು ಸುಮ್ಮನೆ ಬಿಡಲಿಲ್ಲ. ಎರಡನೆಯ ವರ್ಷದ ರಜೆಯಲ್ಲಿ ಆಯಿಯ ಎದುರು ಮೊಬೈಲ್ ಇಟ್ಟು, ನೀರು ಬಂದ ರಾತ್ರಿಯ ಕತೆ ಹೇಳು ಎಂದೆ. ಆಕೆ ಹೇಳಿದಳು: "ನೀರ ಬಂದಿದ್ದಲ್ಲವಾ, ಹೊಳಿನ ಒಳಗ ಬಂದ ಕುಂತಿತ್ತು." ನಾನು ಬರೆದಿದ್ದದ್ದು "ನದಿಯ ನೀರು ಮನೆಯೊಳಗೆ ನುಗ್ಗಿತು". ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನುಗ್ಗಿದ ನೀರು ಹೊರಗೆ ಹೋಗುತ್ತದೆ. ಬಂದು ಕುಂತ ಹೊಳೆಯನ್ನು ಏಳಿಸುವುದು ಕಷ್ಟ. ಐದು ದಿನ ಮನೆಯಲ್ಲಿ ನೀರು ನಿಂತಿದ್ದನ್ನು ಆಕೆ ಒಂದೇ ಕ್ರಿಯಾಪದದಲ್ಲಿ ಹೇಳಿಬಿಟ್ಟಿದ್ದಳು. ಅಲಂಕಾರ ಎಂಬ ಮಾತನ್ನು ನಾನು ಪಠ್ಯದಲ್ಲಿ ಓದಿದ್ದೆ, ಲಕ್ಷಣ ಬಾಯಿಪಾಠ ಮಾಡಿದ್ದೆ. ಅದು ಕೆಲಸ ಮಾಡುವುದನ್ನು ಕಂಡದ್ದು ಅಂದೇ.

ಆ ಧ್ವನಿಗೆ ಚಿತ್ರ ಕೂಡಿಸಬೇಕು ಎನಿಸಿತು. ಗೆಳತಿಯ ಮೊಬೈಲಿನಲ್ಲಿ ಮೊದಲು ನಾಲ್ಕು ನಿಮಿಷದ ವಿಡಿಯೋ ಮಾಡಿದೆ. ವಾಟ್ಸಾಪಿನಲ್ಲಿ ಬಂದ ಸೇತುವೆಯ ಡ್ರೋನ್ ಚಿತ್ರ, ತೇಲಿಹೋಗುವ ಗಿಡ, ಹಿಂದೆ ಸಿನಿಮಾದ ದುಃಖದ ಸಂಗೀತ. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನನಗೆ ಮಾತ್ರ ಆ ಪೆನ್ಸಿಲಿನ ಪ್ರಶ್ನೆ ಕಾಡುತ್ತಿತ್ತು. ಡ್ರೋನ್ ಚಿತ್ರ ನಾನು ಕಂಡದ್ದಲ್ಲ, ಸಂಗೀತ ಆಯಿಯ ದನಿಯ ಮೇಲೆ ಕೂತು ಅದನ್ನು ಮುಚ್ಚಿತ್ತು. ಎರಡನ್ನೂ ತೆಗೆದೆ. ಹಿತ್ತಲ ಕೋಣೆಯ ಗೋಡೆಯ ಮೇಲೆ ನೀರಿನ ರಾಡಿಯ ಗೆರೆ ಇನ್ನೂ ಇದೆ, ಅಪ್ಪ ಅಲ್ಲಿಗೆ ಸುಣ್ಣ ಹಚ್ಚಿಲ್ಲ. ಆಯಿಗೆ ಅದನ್ನು ತೋರಿಸು ಎಂದೆ. ಆಕೆ ಕೈ ಎತ್ತಿದಳು. ಗೆರೆ ಎಟುಕಲಿಲ್ಲ. ತುದಿಗಾಲಲ್ಲಿ ನಿಂತಳು, ಆಗಲೂ ಎಟುಕಲಿಲ್ಲ. ಆ ಚಿತ್ರವನ್ನು ಕತ್ತರಿಸದೆ, ದನಿಯನ್ನೂ ನಿಲ್ಲಿಸಿ, ಹಾಗೆಯೇ ಇಟ್ಟೆ. ವಿಡಿಯೋ ಎರಡು ನಿಮಿಷ ನಲವತ್ತು ಸೆಕೆಂಡಿಗೆ ಇಳಿಯಿತು.

ನೀವು ಗಮನಿಸಬೇಕೆಂದು ನಾನು ಬೇಡುವುದು ಇದರ ನಂತರದ್ದನ್ನು. ವಿಡಿಯೋ ಮಾಡಿದ ಮೇಲೆ ಹಳೆಯ ಹಾಳೆಗೆ ಮರಳಿ ಹೋದೆ. ಅಲ್ಲಿ "ನೀರು ಏಳು ಅಡಿ ಎತ್ತರಕ್ಕೆ ಏರಿತ್ತು" ಎಂದಿತ್ತು. ಅದನ್ನು ಹೊಡೆದು "ನೀರಿನ ಗೆರೆ ಇವತ್ತಿಗೂ ಆಯಿಯ ಕೈಗೆ ಎಟುಕುವುದಿಲ್ಲ" ಎಂದು ಬರೆದೆ. ಮೊಬೈಲ್ ಮಕ್ಕಳ ಬರವಣಿಗೆಯನ್ನು ಕೆಡಿಸುತ್ತದೆ ಎಂದು ನಮ್ಮ ಕಾರ್ಯಕ್ರಮಗಳಲ್ಲಿ ಅತಿಥಿಗಳು ಹೇಳದ ವರ್ಷವಿಲ್ಲ. ನನ್ನ ಬರವಣಿಗೆಯನ್ನು ತಿದ್ದಿದ ಎರಡನೆಯ ಗುರು ಅದೇ ಮೊಬೈಲ್. ಯಾವ ಚಿತ್ರ ಮೊದಲು, ಯಾವುದು ಕೊನೆಗೆ, ಎಲ್ಲಿ ಮೌನ, ಎಲ್ಲಿ ಮಾತು ಎಂದು ಕೂತು ಯೋಚಿಸುವುದು ಬರೆಯುವ ಕೆಲಸವೇ.

ಅದನ್ನು ಐದನೆಯ ಸೆಮಿಸ್ಟರಿನಲ್ಲಿ ಅಸೈನ್‌ಮೆಂಟಾಗಿ ಕೊಡಲು ಹೋದೆ. ಹಾಳೆ, ಆಡಿಯೋ, ವಿಡಿಯೋ ಮೂರೂ ಸೇರಿಸಿ. ಅದಕ್ಕೆ ಅಂಕ ಹಾಕುವ ಕಾಲಂ ಇಲ್ಲ, ಕೈಬರಹದ ಹತ್ತು ಪುಟ, ಬಣ್ಣದ ಹೊದಿಕೆ, ಸ್ಪೈರಲ್ ಬೈಂಡಿಂಗ್ ಬೇಕು ಎಂದರು. ಹೇಳಿದವರು ಕೆಟ್ಟವರಲ್ಲ, ತಪಾಸಣೆಗೆ ಬಂದವರು ಅದನ್ನೇ ಕೇಳುತ್ತಾರಂತೆ. ರಾತ್ರಿ ಕೂತು ಗೈಡಿನಿಂದ ಹತ್ತು ಪುಟ ಇಳಿಸಿದೆ. ಹೊದಿಕೆ ಅಂಟಿಸುವಾಗ ಗೋಂದು ಚೆಲ್ಲಿ ನಾಲ್ಕು ಮತ್ತು ಐದನೆಯ ಪುಟ ಅಂಟಿಕೊಂಡವು. ಬಿಡಿಸಲು ಹೊತ್ತಿರಲಿಲ್ಲ, ಹಾಗೆಯೇ ಕೊಟ್ಟೆ. ಹತ್ತಕ್ಕೆ ಒಂಬತ್ತು ಬಂತು. ಸೆಮಿಸ್ಟರ್ ಮುಗಿದ ಮೇಲೆ ಕಟ್ಟು ಕಟ್ಟಿ ಮೂಲೆಗೆ ಒಟ್ಟಿದ್ದ ಅಸೈನ್‌ಮೆಂಟುಗಳ ರಾಶಿಯಲ್ಲಿ ನನ್ನದನ್ನು ಹುಡುಕಿ ತೆಗೆದು ನೋಡಿದೆ. ಆ ಎರಡು ಪುಟ ಅಂಟಿಕೊಂಡೇ ಇದ್ದವು. ಅದನ್ನು ಕಂಡ ದಿನ ನನಗೆ ಆದ ನೋವನ್ನು ಫೇಲಾದವರಿಗೂ ಹಾರೈಸಲಾರೆ.

ಈಗ ನನ್ನ ಸಹಪಾಠಿಗಳು ಅಸೈನ್‌ಮೆಂಟನ್ನು ಚಾಟ್‌ಜಿಪಿಟಿಗೆ ಕೇಳಿ ಇಳಿಸಿಕೊಳ್ಳುತ್ತಾರೆ. ತಪ್ಪೇ. ಆದರೆ ಓದುವವರಿಲ್ಲದ ಕಡೆ ಬರೆಯುವವರೂ ಇಲ್ಲದಂತಾದದ್ದಕ್ಕೆ ಹುಡುಗರನ್ನಷ್ಟೇ ದೂರಿದರೆ ನ್ಯಾಯವಲ್ಲ. ಮೊದಲ ಕರಡು, ಅದರ ಅಂಚಿನ ಪ್ರಶ್ನೆ, ಎರಡನೆಯ ಕರಡು ಎಂದು ಕೇಳಿ ನೋಡಿ. "ನಿಮ್ಮ ಮನೆಯಲ್ಲಿ ಮೊದಲು ಏನನ್ನು ಎತ್ತಿದಿರಿ" ಎಂಬುದಕ್ಕೆ ಯಾವ ಯಂತ್ರ ಉತ್ತರ ಕೊಟ್ಟೀತು?

ನಮ್ಮ ನೆಲಕ್ಕೆ ಈ ತಿದ್ದುವ ಕೆಲಸ ಹೊಸದೆಂದು ದಯವಿಟ್ಟು ಹೇಳಬೇಡಿ. ಆಯಿಯ ತವರಿನವರು ಶ್ರೀಕೃಷ್ಣ ಪಾರಿಜಾತದ ಮೇಳದಲ್ಲಿ ತಾಳ ಹಿಡಿಯುತ್ತಿದ್ದರು. ಆ ಆಟಕ್ಕೆ ಅಂಗಳದ ರೂಪ ಕೊಟ್ಟ ಕುಲಗೋಡ ತಮ್ಮಣ್ಣ, ಹೆಣ್ಣುಮಕ್ಕಳು ರಂಗಕ್ಕೆ ಬರಲು ಹೆದರುತ್ತಿದ್ದ ಕಾಲದಲ್ಲಿ ಅದನ್ನು ಊರೂರಿಗೆ ಹೊತ್ತ ಕೌಜಲಗಿ ನಿಂಗಮ್ಮ, ಇಬ್ಬರೂ ನಮ್ಮ ಸೀಮೆಯವರು. ಆಟ ಕಟ್ಟುವ ಮೊದಲು ತಿಂಗಳುಗಟ್ಟಲೆ ತಾಲೀಮು ನಡೆಯುತ್ತಿತ್ತು ಎಂದು ಆಯಿ ಹೇಳುತ್ತಾಳೆ. ಸತ್ಯಭಾಮೆಯ ಪಾತ್ರದವರು ಒಂದು ಮಾತು ತಪ್ಪಿದರೆ ಮಾಸ್ತರು ತಾಳ ನಿಲ್ಲಿಸುತ್ತಿದ್ದರು. "ಅಲ್ಲೆ ನಿಂದ್ರು. ಈ ಮಾತ ಯಾರಿಗೆ ಹೇಳಾಕತ್ತಿ? ಕೃಷ್ಣಗೋ, ದೂತಿಗೋ?" ಮತ್ತೆ ಮೊದಲಿಂದ. ಯಾರಿಗೆ ಹೇಳುತ್ತಿದ್ದೇನೆ ಎಂಬ ಈ ಪ್ರಶ್ನೆಯೇ ವಾಕ್ಪಟುತ್ವದ ಬೇರು. ಗರಡಿಯಲ್ಲೂ ತಾಲೀಮು, ಭಜನೆಗೂ ತಾಲೀಮು. ನಮ್ಮ ಭಾಗದಲ್ಲಿ ತಾಲೀಮಿಲ್ಲದೆ ಅಖಾಡಕ್ಕೆ ಇಳಿಸುವುದು ಬರವಣಿಗೆಯನ್ನು ಮಾತ್ರ.

ನನ್ನ ತರಗತಿಯಲ್ಲಿ ಹುಕ್ಕೇರಿ ಕಡೆಯ ಒಬ್ಬ ಹುಡುಗನಿದ್ದ. ಅವರ ಮನೆಯಲ್ಲಿ ಗೀಗೀ ಪದದ ಪರಂಪರೆ. ಅದರಲ್ಲಿ ಹರದೇಶಿ ಬಣದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿ ಬಣದವರು ಹೆಣ್ಣು ಹೆಚ್ಚೆಂದು ಹಾಡಿ ತಿರುಗಿಸಬೇಕು, ಸವಾಲಿಗೆ ಜವಾಬು ಅಲ್ಲೇ, ಆ ಹೊತ್ತಿಗೇ, ಜನರ ಎದುರಿಗೇ ಆಗಬೇಕು. ಎದುರಾಳಿಯ ಮಾತನ್ನು ಪೂರ್ತಿ ಕೇಳದವನು ಅಲ್ಲಿ ಸೋತ ಹಾಗೆಯೇ. ಡಪ್ಪು, ತುಂತುಣಿಯ ನಡುವೆ ಬೆಳೆದ ಈ ಹುಡುಗ ಕಾಲೇಜಿನ ಚರ್ಚಾ ಸ್ಪರ್ಧೆಗೆ ನಿಂತ. ಎಲ್ಲರೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿ ಇಳಿದರು. ಇವನೊಬ್ಬ ತನಗಿಂತ ಮೊದಲು ಮಾತಾಡಿದ ಹುಡುಗಿಯ ವಾದದ ಎಳೆ ಹಿಡಿದು, ಅದರಲ್ಲಿ ಒಪ್ಪುವುದನ್ನು ಒಪ್ಪಿ, ಉಳಿದದ್ದಕ್ಕೆ ಜವಾಬು ಕೊಟ್ಟ. ಸಿದ್ಧತೆ ಸಾಲದು ಎಂದು ಅವನಿಗೆ ಬಹುಮಾನ ಕೊಡಲಿಲ್ಲ. ಅವನು ಮತ್ತೆ ವೇದಿಕೆ ಹತ್ತಲಿಲ್ಲ. ನಾವು ಮೂರು ವರ್ಷದಲ್ಲಿ ಕಳೆದುಕೊಂಡದ್ದರಲ್ಲಿ ಇದು ದೊಡ್ಡದು.

ಅರ್ಜಿಯ ಭಾಷೆಯನ್ನೂ ನಾನು ಹೊರಗೆಯೇ ಕಲಿತೆ. ಪ್ರವಾಹದ ಮೇಲೆ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದರು. ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ರೂಪಾಯಿ, ಕಡಿಮೆ ಕೆಟ್ಟದ್ದಕ್ಕೆ ಕಡಿಮೆ. ಅಪ್ಪ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಅರ್ಜಿ ಬರೆಯುವವರ ಹತ್ತಿರ ಕೂತು ತನ್ನ ದುಃಖವನ್ನೆಲ್ಲ ಹೇಳತೊಡಗಿದ. ಆ ಹಿರಿಯರು ಕೈ ಅಡ್ಡ ಹಿಡಿದು, "ಅದೆಲ್ಲ ಇರಲಿ ತಮ್ಮಾ, ಗ್ವಾಡಿ ಎಷ್ಟ ಬಿದ್ದಾವು, ಯಾವ ದಿಕ್ಕಿನವು, ಅದನ್ನ ಹೇಳು" ಎಂದರು. ಅವರ ಮುಕ್ಕಾಲು ಪುಟದಲ್ಲಿ ಅಳು ಇರಲಿಲ್ಲ, ಅಳತೆ ಇತ್ತು. ಅದೇ ನೀರನ್ನು ಸಾಹೇಬರಿಗೆ ಹೇಳುವ ಬಗೆ ಒಂದು, ತರಗತಿಗೆ ಒಂದು, ಮೊಮ್ಮಗಳ ಮೊಬೈಲಿಗೆ ಇನ್ನೊಂದು. ಪದವಿ ಪಡೆದವರು ಈ ಮೂರರಲ್ಲೂ ತಡವರಿಸದೆ ನಡೆಯಬೇಕಲ್ಲವೆ? ನನ್ನ ಜೊತೆ ಬಿ.ಎ. ಮುಗಿಸಿದ ಎಷ್ಟೋ ಮಂದಿ ಇಂದಿಗೂ ಅರ್ಜಿ ಬರೆಸಲು ಆ ಮರದ ಕೆಳಗೇ ಹೋಗುತ್ತಾರೆ.

ಕವಿರಾಜಮಾರ್ಗದ ಕರ್ತೃ ಯಾರು, ನೃಪತುಂಗನೋ ಶ್ರೀವಿಜಯನೋ ಎಂದು ನಾವು ಎರಡು ಸಲ ಪರೀಕ್ಷೆಯಲ್ಲಿ ಬರೆದೆವು. ಆ ಪುಸ್ತಕದಲ್ಲಿ ಏನಿದೆ ಎಂದು ಗ್ರಂಥಾಲಯದಲ್ಲಿ ತೆಗೆದು ನೋಡಿದಾಗ ನನಗೆ ಮೈ ಜುಮ್ಮೆಂದಿತು. ಒಂಬತ್ತನೆಯ ಶತಮಾನದ, ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಕತೆಯಲ್ಲ, ಪುರಾಣವಲ್ಲ. ಹೇಗೆ ಬರೆಯಬೇಕು ಎಂದು ಕಲಿಸುವ ಪುಸ್ತಕ. ಹೀಗೆಂದರೆ ದೋಷ, ಹೀಗೆ ತಿದ್ದಿದರೆ ಸರಿ ಎಂದು ಕೆಟ್ಟ ಪದ್ಯ, ತಿದ್ದಿದ ಪದ್ಯ ಎರಡನ್ನೂ ಎದುರುಬದುರು ಇಟ್ಟು ತೋರಿಸುತ್ತದೆ. ತಿರುಳ್ಗನ್ನಡದ ನಾಡಿಗೆ ಅದು ಹೇಳುವ ನಾಲ್ಕು ಊರುಗಳಲ್ಲಿ ಒಂದು ಒಕ್ಕುಂದ, ನಮ್ಮ ಬೆಳಗಾವಿ ಜಿಲ್ಲೆಯದೇ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ತಿದ್ದುವುದನ್ನೇ ಗ್ರಂಥ ಮಾಡಿದ ಭಾಷೆ ನಮ್ಮದು. ಅದರ ತರಗತಿಯಲ್ಲಿ ತಿದ್ದಿದ ಹಾಳೆ ಸಿಗುವುದಿಲ್ಲ.

ಹತ್ತಿರದವರನ್ನೇ ನೋಡಿ. ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯ ಚಂದ್ರಶೇಖರ ಕಂಬಾರರು ಕವಿತೆ ಬರೆದರು, ಅದನ್ನು ಹಾಡಿದರು, ನಾಟಕ ಕಟ್ಟಿದರು, ಕಾದಂಬರಿ ಬರೆದರು, ಕಾಡು ಕುದುರೆಯಂಥ ಸಿನಿಮಾ ನಿರ್ದೇಶಿಸಿದರು; 2010ರ ಸಾಲಿನ ಜ್ಞಾನಪೀಠ ಈ ಊರಿಗೆ ಬಂತು. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವುದು ಅವರಿಗೆ ಪಕ್ಕದ ಹೊಲಕ್ಕೆ ದಾಟಿದಷ್ಟು ಸಹಜವಾಗಿತ್ತು. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಪತ್ರಿಕೆಯಲ್ಲಿ ಕೆಲಸ ಮಾಡುತ್ತ ಕಾದಂಬರಿಕಾರರಾದರು. ಬೆಟಗೇರಿಯ ಕೃಷ್ಣಶರ್ಮರು, ನಮ್ಮ ಆನಂದಕಂದರು, ತಾವು ಬರೆದದ್ದಲ್ಲದೆ ಜಯಂತಿ ಎಂಬ ಮಾಸಪತ್ರಿಕೆ ನಡೆಸಿದರು. ಇವರ ಭಾವಚಿತ್ರ ನಮ್ಮ ಕಾಲೇಜುಗಳ ಗೋಡೆಯ ಮೇಲಿದೆ. ಗೋಕಾಕ ಚಳವಳಿಗೆ ಆ ಹೆಸರು ಬಂದದ್ದು ಊರಿಂದಲ್ಲ, ವರದಿ ಕೊಟ್ಟ ವಿ. ಕೃ. ಗೋಕಾಕರಿಂದ, ಅವರು ಹುಟ್ಟಿದ್ದು ಸವಣೂರಿನಲ್ಲಿ ಎಂಬುದೂ ನನಗೆ ಗೊತ್ತು. ಆದರೂ ಹೊರಗಿನವರು ನಿಮ್ಮದು ಯಾವ ಊರು ಎಂದು ಕೇಳಿ, ಗೋಕಾಕ ಎಂದ ಕೂಡಲೇ 1982ರ ಆ ಚಳವಳಿಯನ್ನು ನೆನೆದಾಗ ನನಗೆ ಹೆಮ್ಮೆಗಿಂತ ಸಂಕೋಚವೇ ಹೆಚ್ಚಾಗುತ್ತದೆ. ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ನಾಡೇ ಬೀದಿಗಿಳಿಯಿತು. ಆ ಸ್ಥಾನದಲ್ಲಿ ಕೂತ ಕನ್ನಡವನ್ನು ನಾವು ಗೈಡಿನಿಂದ ಇಳಿಸುತ್ತಿದ್ದೇವೆ.

ಬರೆಯಲು ವಿಷಯವಿಲ್ಲ ಎನ್ನಲಾಗದು. ಜಲಪಾತದ ನೀರಿನಿಂದ ಗೋಕಾಕದಲ್ಲಿ ಬಹಳ ಹಿಂದೆಯೇ ವಿದ್ಯುತ್ ಮಾಡಿದರು. ಹುಕ್ಕೇರಿಯಲ್ಲಿ 1969ರಲ್ಲಿ ಕಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ಹಳ್ಳಿಗಳಿಗೆ ಕರೆಂಟು ಹಂಚುತ್ತಿದೆ, ಕರ್ನಾಟಕದಲ್ಲಿ ಅಂಥದ್ದು ಇನ್ನೊಂದಿಲ್ಲ. ಇತ್ತ ನಮ್ಮಪ್ಪ ಮೂರು ಫೇಸ್ ಬಂದ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಬಿಡಲು ಹೋಗುತ್ತಾನೆ. ಈ ಮೂರನ್ನು ಒಂದೇ ಬರಹದಲ್ಲಿ ಕೂಡಿಸಿ ನನ್ನ ವಾದವನ್ನು ಇಡಬೇಕೆಂದು ನನಗೆ ಎಷ್ಟು ಆಸೆಯಿತ್ತು! ಪರೀಕ್ಷೆಯಲ್ಲಿ ಬಂದದ್ದು ಗ್ರಂಥಾಲಯಗಳ ಮಹತ್ವ.

ಡಿಜಿಟಲ್ ಫ್ಲೂಯೆನ್ಸಿ ಎಂಬ ವಿಷಯವೂ ನಮಗಿತ್ತು. ಕೃತಕ ಬುದ್ಧಿಮತ್ತೆ, ಸೈಬರ್ ಸುರಕ್ಷತೆ ಎಂಬ ಹೆಸರುಗಳನ್ನು ಕಲಿತೆವು. ಕನ್ನಡದಲ್ಲಿ ಒಂದು ಸಾಲು ಟೈಪ್ ಮಾಡುವುದನ್ನು ಕಲಿಯಲಿಲ್ಲ. ಸೆಮಿನಾರಿನ ಹಾಳೆಯನ್ನು ಡಿಟಿಪಿ ಅಂಗಡಿಯಲ್ಲಿ ಪುಟಕ್ಕಿಷ್ಟು ಎಂದು ಕೊಟ್ಟು ಹಳೆಯ ನುಡಿ ಅಕ್ಷರದಲ್ಲಿ ಮಾಡಿಸಿದೆ. ಅದನ್ನು ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ ಎಲ್ಲಿ ಬೇಕಾದರೂ ಓದಬಹುದಿತ್ತು ಎಂದು ನನಗೆ ತಿಳಿದದ್ದು ಕೊನೆಯ ವರ್ಷ. ಒಂದು ವಾರ ಕಲಿಸಿದರೆ ತೀರುವ ಕೊರತೆ ಇದು.

ಇನ್ನು, ಒಂದು ತರಗತಿಯಲ್ಲಿ ನೂರು ಮಂದಿ, ಒಬ್ಬ ಉಪನ್ಯಾಸಕ ನೂರು ಹಾಳೆ ಮೂರು ಸಲ ತಿದ್ದುವುದು ಹೇಗೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ನನಗೆ ಬೇಕಾದದ್ದು ಸೆಮಿಸ್ಟರಿಗೆ ಒಂದೇ ಒಂದು ಬರಹ, ಮೂರು ಕರಡು. ಮೊದಲ ಕರಡನ್ನು ಪಕ್ಕದ ಬೆಂಚಿನವರು ಓದಿ ಅಂಚಿನಲ್ಲಿ ಎರಡು ಪ್ರಶ್ನೆ ಬರೆಯಲಿ. ಎರಡನೆಯದನ್ನು ಅಂತಿಮ ವರ್ಷದವರು ಓದಲಿ, ಅವರಿಗೂ ಅದಕ್ಕೆ ಅಂಕವಿರಲಿ. ಉಪನ್ಯಾಸಕರು ಮೂರನೆಯದನ್ನು ಮಾತ್ರ ಓದಲಿ. ನಮಗೆ ಆಂತರಿಕ ಅಂಕ 40 ಇದ್ದವು. 2024–25ರಿಂದ ಬಂದ ರಾಜ್ಯದ ಪಠ್ಯದಲ್ಲಿ 20. ಇದರಲ್ಲಿ ಅರ್ಧವನ್ನು ಈ ಕರಡುಗಳ ಕಡತಕ್ಕೆ ಕೊಡಿ. ಆರು ಸೆಮಿಸ್ಟರಿನ ಆರು ಬರಹ ಒಂದೇ ಕಡತದಲ್ಲಿ ಕರಡುಗಳ ಸಮೇತ ಉಳಿದರೆ, ಹುಡುಗಿ ಎಲ್ಲಿಂದ ಎಲ್ಲಿಗೆ ಬೆಳೆದಳು ಎಂದು ಅಂಕಪಟ್ಟಿ ಹೇಳದ್ದನ್ನು ಅದು ಹೇಳುತ್ತದೆ. ಆರರಲ್ಲಿ ಎರಡಾದರೂ ಧ್ವನಿಯೋ ಚಿತ್ರವೋ ಇರುವ ಕೃತಿಯಾಗಿರಲಿ, ಯಾಕೆ ಹೀಗೆ ಕಟ್ಟಿದೆ ಎಂಬ ಒಂದು ಪುಟದ ವಿವರಣೆಯ ಜೊತೆ. ಕಿರುಪರೀಕ್ಷೆಯ ಹಾಳೆಗಳನ್ನಂತೂ ಮರಳಿ ಕೊಡಿ. ಅದಕ್ಕೆ ಸುತ್ತೋಲೆಯೂ ಬೇಡ, ಹಣವೂ ಬೇಡ.

ಇದು ಎಲ್ಲೂ ಇಲ್ಲದ ಬೇಡಿಕೆಯಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ಮೊದಲ ವರ್ಷದವರಿಗೆ ಬರವಣಿಗೆಯ ಕೋರ್ಸು ಶುರುವಾದದ್ದು 1885ರಲ್ಲಿ, ಗೋಕಾಕ ಮಿಲ್ಲಿನ ಕಂಪನಿ ಹುಟ್ಟಿದ ವರ್ಷವೇ. ಇವತ್ತು ಅಲ್ಲಿಯ ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಕರಡುಗಳ ಕಡತ ಒಪ್ಪಿಸುತ್ತಾರೆ. ಅಷ್ಟು ದೂರ ಬೇಡ; ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಭಾಷಾ ತರಗತಿಯವರು ಕನ್ನಡ ವಿಕಿಪೀಡಿಯಕ್ಕೆ ಲೇಖನ ಬರೆಯುವುದನ್ನು ಪಾಠದ ಭಾಗವಾಗಿಯೇ ಮಾಡಿದ್ದಾರೆ. ಅಲ್ಲಿ ಪ್ರತಿ ತಿದ್ದುಪಡಿಯೂ ಉಳಿಯುತ್ತದೆ, ಯಾರು ಯಾವ ಸಾಲನ್ನು ಯಾಕೆ ಬದಲಿಸಿದರು ಎಂದು ಯಾರು ಬೇಕಾದರೂ ನೋಡಬಹುದು. ಬೆಂಗಳೂರಿನಲ್ಲಿ ಆದದ್ದು ಮೂಡಲಗಿಯಲ್ಲಿ ಯಾಕೆ ಆಗದು?

ನನ್ನ ಪದವಿ ಮುಗಿಯಿತು, ನೀವು ನಾಳೆಯೇ ಎಲ್ಲ ಬದಲಿಸಿದರೂ ನನಗೆ ದಕ್ಕುವುದಿಲ್ಲ. ನನ್ನ ತಂಗಿ ಈ ವರ್ಷ ದ್ವಿತೀಯ ಪಿಯುಸಿ. ಬರುವ ಜೂನಿನಲ್ಲಿ ಅವಳೂ ಲೋಳಸೂರ ಸೇತುವೆ ದಾಟುವ ಅದೇ ಬಸ್ಸು ಹತ್ತುತ್ತಾಳೆ.

ಈ ಪತ್ರದ ಜೊತೆ ಪೆನ್ಸಿಲಿನ ಗುರುತಿರುವ ಆ ನಾಲ್ಕು ಹಾಳೆಯ ಝೆರಾಕ್ಸ್ ಇಟ್ಟಿದ್ದೇನೆ. ಎರಡು ನಿಮಿಷ ನಲವತ್ತು ಸೆಕೆಂಡಿನ ಆಯಿಯ ವಿಡಿಯೋ ಪೆನ್‌ಡ್ರೈವಿನಲ್ಲಿದೆ. ಪತ್ರವನ್ನು ಮೂರು ಸಲ ಬರೆದಿದ್ದೇನೆ. ಮೊದಲಿನ ಎರಡು ಕರಡನ್ನೂ ಲಗತ್ತಿಸಿದ್ದೇನೆ. ಪ್ರತಿ ಹಾಳೆಯ ಎಡಕ್ಕೆ ಮೂರು ಬೆರಳು ಅಂಚು ಬಿಟ್ಟಿದ್ದೇನೆ. ಓದಿ, ತಪ್ಪಿದ್ದಲ್ಲಿ ಗುರುತು ಹಾಕಿ, ಕೇಳಬೇಕೆನಿಸಿದ್ದನ್ನು ಅಂಚಿನಲ್ಲಿ ಕೇಳಿ, ಮರಳಿ ಕಳಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಬಿ.ಎ. ಆರನೆಯ ಸೆಮಿಸ್ಟರ್ ಮುಗಿಸಿದ ವಿದ್ಯಾರ್ಥಿನಿ
ಮೂಡಲಗಿ ತಾಲ್ಲೂಕು, ಬೆಳಗಾವಿ ಜಿಲ್ಲೆ